ನಡಾವಳಿಯಲ್ಲಿ ‘ಲಾಯಿತು’ ಎಷ್ಟು ಸಲ ಬಂದಿದೆ?

ನಾನು ಕೆಲವು ವರ್ಷ ಪಾಠ ಮಾಡಿದ ಕಾಲೇಜಿನಲ್ಲಿ ವಿಕಲಚೇತನರಿಗೆಂದೇ ಒಂದು ಶೌಚಾಲಯ ಇತ್ತು. ಅಗಲ ಬಾಗಿಲು, ಗೋಡೆಗೆ ಸ್ಟೀಲ್ ಹಿಡಿಕೆ, ಹೊರಗೆ ನೀಲಿ ಬೋರ್ಡು. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವ ಹಿಂದಿನ ವಾರ ಅದರ ಫೋಟೊ ತೆಗೆದರು. ಅಕ್ಷಾಂಶ, ರೇಖಾಂಶ ಮೂಡುವ ಜಿಯೋಟ್ಯಾಗ್ ಫೋಟೊ. ತಂಡ ಬಂದು ಹೋಯಿತು, ಶೌಚಾಲಯಕ್ಕೆ ಬೀಗ ಬಿತ್ತು. ಒಳಗೆ ಹಳೇ ಉತ್ತರ ಪತ್ರಿಕೆಗಳ ಕಟ್ಟು, ಎರಡು ಮುರುಕು ಕುರ್ಚಿ, ಸುತ್ತಿಟ್ಟ ವಾರ್ಷಿಕೋತ್ಸವದ ಬ್ಯಾನರು. ಕೀಲಿಕೈ ಅಟೆಂಡರ್ ಹತ್ತಿರ. ಅವರು ಊಟಕ್ಕೆ ಹೋದರೆ ಕಾಯಬೇಕು. ಗಾಲಿಕುರ್ಚಿಯಲ್ಲಿ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಬೆಳಗ್ಗೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

ಇಂಥದ್ದನ್ನು ನೋಡಿಕೊಳ್ಳಲು ಅಲ್ಲಿ ಸಮಿತಿ ಇರಲಿಲ್ವಾ? ಇತ್ತು. ಒಂದಲ್ಲ, ನಾಲ್ಕು. ಒಂದರಲ್ಲಿ ನಾನೂ ಇದ್ದೆ. ಕೀಲಿಕೈ ವಿಷಯ ಸಭೆಗೆ ಬಂತು, ಎಲ್ಲರೂ ಛೆ ಛೆ ಅಂದೆವು, ಟೀ ಕುಡಿದೆವು. ನಡಾವಳಿಯಲ್ಲಿ ಹೀಗೆ ಬರೆದರು: “ಸದರಿ ವಿಷಯವನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು.” ನಾನೂ ಸಹಿ ಹಾಕಿದೆ.

ಆ ವಾಕ್ಯವನ್ನು ಇನ್ನೊಮ್ಮೆ ಓದಿ. ಪರಿಶೀಲಿಸುವವರು ಯಾರು? ಯಾವ ತಾರೀಖಿನೊಳಗೆ? ದುಡ್ಡು ಬೇಕಾದರೆ ಯಾವ ಲೆಕ್ಕದಿಂದ? ಏನೂ ಇಲ್ಲ. ಶಾಲೆಯಲ್ಲಿ ಕರ್ತರಿ, ಕರ್ಮಣಿ ಅಂತ ವ್ಯಾಕರಣ ಕಲಿತಿದ್ದೆವಲ್ಲ, ಅದರ ನಿಜವಾದ ಉಪಯೋಗ ನನಗೆ ಅರ್ಥವಾದದ್ದು ವಿಶ್ವವಿದ್ಯಾಲಯದ ನಡಾವಳಿ ಓದಲು ಶುರು ಮಾಡಿದ ಮೇಲೆ. ‘ತೀರ್ಮಾನಿಸಲಾಯಿತು’, ‘ಗಮನಿಸಲಾಯಿತು’, ‘ಸೂಚಿಸಲಾಯಿತು’. ಕೆಲಸ ಇದೆ, ಮಾಡುವವರಿಲ್ಲ. ಒಂದು ಸಮಿತಿಗೆ ಜೀವ ಇದೆಯೋ ಇಲ್ಲವೋ ತಿಳಿಯಬೇಕಾದರೆ ಅದರ ಹೆಸರು ನೋಡಬೇಡಿ, ನಡಾವಳಿಯ ಕ್ರಿಯಾಪದ ನೋಡಿ.

ಈಗ ಈ ಸಮಿತಿಗಳು ಏನು, ಎಲ್ಲಿಂದ ಬಂದವು, ಅವು ಹೇಳಿದ್ದನ್ನು ಯಾರಾದರೂ ಕೇಳಲೇಬೇಕಾ ಎನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಹೆಸರು ಹಲವು, ಅಧಿಕಾರ ಬೇರೆ ಬೇರೆ

ನಮ್ಮ ವಿಶ್ವವಿದ್ಯಾಲಯಗಳ ಗೋಡೆಯ ಮೇಲೆ ಇರುವ ಬೋರ್ಡುಗಳನ್ನು ನೋಡಿದರೆ ತಲೆ ತಿರುಗುತ್ತದೆ. ಎಸ್‌ಸಿ, ಎಸ್‌ಟಿ ಘಟಕ, ಸಮಾನ ಅವಕಾಶ ಕೋಶ, ಆಂತರಿಕ ದೂರು ಸಮಿತಿ, ರ‍್ಯಾಗಿಂಗ್ ತಡೆ ಸಮಿತಿ, ವಿದ್ಯಾರ್ಥಿ ಕುಂದುಕೊರತೆ ಸಮಿತಿ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ. ಅದೇ ಪ್ರೊಫೆಸರುಗಳು, ಅದೇ ಸಭಾಂಗಣ. ಆದರೆ ಒಂದೊಂದರ ಬುಡ ಬೇರೆ.

ಆಂತರಿಕ ದೂರು ಸಮಿತಿಯ ಹಿಂದೆ ಸಂಸತ್ತಿನ ಕಾಯ್ದೆ ಇದೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಅದು. ಈ ಸಮಿತಿ ಸಾಕ್ಷಿಗಳನ್ನು ಕರೆಸಬಹುದು, ಕಾಗದ ತರಿಸಬಹುದು. ಆ ವಿಷಯದಲ್ಲಿ ಸಿವಿಲ್ ಕೋರ್ಟಿನ ಅಧಿಕಾರವೇ ಇದಕ್ಕಿದೆ. ಇದು ಸಲಹಾ ಸಮಿತಿ ಅಲ್ಲವೇ ಅಲ್ಲ.

ಸಮಾನ ಅವಕಾಶ ಕೋಶದ್ದು ನಡುವಿನ ಸ್ಥಿತಿ. 2012ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ತಂದ ಸಮತೆಯ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಈ ಕೋಶ ಇರಬೇಕು, ತಾರತಮ್ಯ ತಡೆಯುವ ಅಧಿಕಾರಿ ಒಬ್ಬರಿರಬೇಕು. ಜಾತಿ, ಧರ್ಮ, ಭಾಷೆ, ಲಿಂಗ, ಅಂಗವೈಕಲ್ಯ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ದೂರು ಬಂದರೆ 60 ದಿನದೊಳಗೆ ತೀರ್ಮಾನಿಸಬೇಕು ಎಂದೂ ಇದೆ.

ಇನ್ನು ಕೊನೆಯ ಬಗೆ, ಕುಲಪತಿಗಳ ಒಂದು ಆದೇಶದಿಂದ ಹುಟ್ಟುವ ಸಮಿತಿ. ‘ಕ್ಯಾಂಪಸ್ ಸುಗಮ್ಯತಾ ಸಲಹಾ ಸಮಿತಿ’ ಅಂತಲೋ ಇನ್ನೇನೋ ಹೆಸರು. ಇದು ನೋಡಬಹುದು, ಹೇಳಬಹುದು. ಮಾಡಿಸುವ ಕೈ ಇದಕ್ಕಿಲ್ಲ. ಕುಲಪತಿ ಬದಲಾದರೆ ಸಮಿತಿಯೇ ಇಲ್ಲದಂತೆಯೂ ಆಗಬಹುದು.

ಆದ್ದರಿಂದ ಒಂದು ಸಮಿತಿಯ ಹೆಸರು ಕೇಳಿದ ತಕ್ಷಣ ಮೊದಲ ಪ್ರಶ್ನೆ ಇದು: ನೀವು ಹುಟ್ಟಿದ್ದು ಕಾಯ್ದೆಯಿಂದಲೋ, ನಿಯಮದಿಂದಲೋ, ಬರೀ ಸುತ್ತೋಲೆಯಿಂದಲೋ? ಉತ್ತರ ಕೊಡಲು ಸದಸ್ಯ ಕಾರ್ಯದರ್ಶಿಗಳೇ ಒದ್ದಾಡಿದ್ದನ್ನು ನಾನು ನೋಡಿದ್ದೇನೆ.

ಸಮಾನತೆ, ಸಮತೆ ಒಂದೇ ಅಲ್ವಾ?

ಅಲ್ಲ. ಪರೀಕ್ಷಾ ಕೊಠಡಿಗೆ ಹೋಗೋಣ. ಮೂರು ಗಂಟೆಯ ಪರೀಕ್ಷೆ. ಎಲ್ಲರಿಗೂ ಒಂದೇ ಪ್ರಶ್ನೆ ಪತ್ರಿಕೆ, ಒಂದೇ ಗಂಟೆಯ ಸದ್ದು. ಇದು ಸಮಾನತೆ. ಕಣ್ಣು ಕಾಣದ ಹುಡುಗನಿಗೆ ಪ್ರಶ್ನೆಯನ್ನು ಲಿಪಿಕಾರ ಓದಿ ಹೇಳಬೇಕು, ಅವನು ಉತ್ತರ ಹೇಳಬೇಕು, ಲಿಪಿಕಾರ ಬರೆಯಬೇಕು, ಮತ್ತೆ ಓದಿಸಿಕೊಂಡು ತಿದ್ದಿಸಬೇಕು. ಅದಕ್ಕೇ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳುತ್ತದೆ. ಮೂರು ಗಂಟೆಗೆ ಒಂದು ಗಂಟೆ ಜಾಸ್ತಿ. ಇದು ಸಮತೆ. ‘ಅವನಿಗೆ ಮಾತ್ರ ಯಾಕೆ’ ಎಂದು ಕೇಳುವವರಿಗೆ ಒಂದೇ ಉತ್ತರ: ಹೆಚ್ಚುವರಿ ಸಮಯ ಹೋಗುವುದು ಯೋಚನೆಗಲ್ಲ, ಬರೆಸುವುದಕ್ಕೆ.

ಕಾನೂನಿನಲ್ಲಿ ಇದಕ್ಕೆ ‘ಸೂಕ್ತ ಹೊಂದಾಣಿಕೆ’ ಎಂಬರ್ಥದ ಮಾತಿದೆ. ಸಂಸ್ಥೆಯ ಮೇಲೆ ಹೊರಲಾರದಷ್ಟು ಹೊರೆ ಬೀಳದಂತೆ, ಅಗತ್ಯವಾದ ಬದಲಾವಣೆ ಮಾಡಿಕೊಡಬೇಕು. ಕೊಡುವುದು ದಯೆ ಅಲ್ಲ. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಯುಪಿಎಸ್‌ಸಿ ಪರೀಕ್ಷೆಯ ಅಭ್ಯರ್ಥಿಯಾಗಿದ್ದ ವಿಕಾಸ್ ಅವರಿಗೆ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇತ್ತು. ಶೇ. 40ರಷ್ಟು ವೈಕಲ್ಯ ಇಲ್ಲದವರಿಗೆ ಲಿಪಿಕಾರರನ್ನು ಕೊಡಲಾಗದು ಎಂದು ಯುಪಿಎಸ್‌ಸಿ ಹೇಳಿತ್ತು. ಶೇ. 40ರ ಗೆರೆ ಮೀಸಲಾತಿಗೆ ಸರಿ, ಲಿಪಿಕಾರರನ್ನು ಕೊಡುವುದಕ್ಕೆ ಆ ಗೆರೆ ಎಳೆಯುವಂತಿಲ್ಲ ಎಂದು ಕೋರ್ಟ್ ಹೇಳಿತು. ಇವತ್ತಿಗೂ ‘ಸರ್ಟಿಫಿಕೇಟಲ್ಲಿ 40 ಇದೆಯಾ ಮೊದಲು ಹೇಳಿ’ ಎನ್ನುವ ಕಚೇರಿಗಳಿವೆ. ತೀರ್ಪಿನ ಒಂದು ಪ್ರತಿ ಜೇಬಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು.

ಮೂಲ ಕಾಯ್ದೆ 2016ರದು, ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. 1995ರ ಹಳೇ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಮಾತ್ರ ಇತ್ತು, ಇದರಲ್ಲಿ 21. ಕಲಿಕಾ ತೊಂದರೆ, ಮಾನಸಿಕ ಕಾಯಿಲೆ, ಆಟಿಸಂ, ಹಿಮೋಫೀಲಿಯಾ, ಆ್ಯಸಿಡ್ ದಾಳಿಗೆ ತುತ್ತಾದವರು ಎಲ್ಲರೂ ಸೇರಿದರು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ರಷ್ಟು ಸೀಟು, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ ಸಿಕ್ಕಿತು. ಸೀಟೇನೋ ಸಿಕ್ಕಿತು. ಸೀಟಿನವರೆಗೆ ಹೋಗುವ ದಾರಿ?

ಆ ಪ್ರಶ್ನೆಯೇ 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇತ್ತು. ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಅಧ್ಯಾಪಕರು, ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಸೇರಿದ ಒಂದು ಒಳ ಸಮಿತಿ ಮಾಡಿ ದಿನದಿನದ ಅಗತ್ಯ ನೋಡಿಕೊಳ್ಳಲು ಸಾಧ್ಯವೇ ಎಂದು ಪರಿಶೀಲಿಸಿ ಎಂದು ಅದು ಯುಜಿಸಿಗೆ ಹೇಳಿತು. ‘ದಿನದಿನದ ಅಗತ್ಯ’ ಎಂಬ ಮಾತು ನನಗೆ ತುಂಬಾ ಇಷ್ಟ. ಶೌಚಾಲಯದ ಕೀಲಿಕೈ ಅದರೊಳಗೆ ಬರುತ್ತದೆ. ಮುಂದೆ 2022ರಲ್ಲಿ ಯುಜಿಸಿ ಸುಗಮ್ಯತೆಯ ಮಾರ್ಗಸೂಚಿ ಮತ್ತು ಮಾನದಂಡಗಳನ್ನೂ ಹೊರತಂದಿತು.

ಒಂದು ರ‍್ಯಾಂಪಿನ ಲೆಕ್ಕ

ಸಮಿತಿಗೆ ಯಾಕೆ ವಿಷಯ ಗೊತ್ತಿರುವವರು ಬೇಕು ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಗ್ರಂಥಾಲಯದ ಬಾಗಿಲಿಗೆ ಮೂರು ಮೆಟ್ಟಿಲು ಇವೆ ಅಂದುಕೊಳ್ಳಿ. ಒಂದೊಂದು ಆರು ಇಂಚು, ಒಟ್ಟು 18 ಇಂಚು ಎತ್ತರ. ರ‍್ಯಾಂಪಿನ ಇಳಿಜಾರು 1ಕ್ಕೆ 12 ಇರಬೇಕು ಎನ್ನುವುದು ಎಲ್ಲರೂ ಒಪ್ಪಿದ ಅಳತೆ. ಅಂದರೆ ಒಂದು ಇಂಚು ಏರಲು 12 ಇಂಚು ಉದ್ದ. 18 ಇಂಚಿಗೆ 18 ಅಡಿ ರ‍್ಯಾಂಪ್ ಬೇಕು. ಮೇಲೆ, ಕೆಳಗೆ ಗಾಲಿಕುರ್ಚಿ ತಿರುಗಿಸಲು ಸಮತಟ್ಟು ಜಾಗ ಬೇರೆ.

ನಮ್ಮ ಕಡೆ ಏನಾಗುತ್ತದೆ? ಮೇಸ್ತ್ರಿ ಬಂದು ಆ ಮೂರು ಮೆಟ್ಟಿಲ ಪಕ್ಕದಲ್ಲಿ ಐದಡಿಯಲ್ಲಿ ಸಿಮೆಂಟು ಬಳಿದು ಹೋಗುತ್ತಾನೆ. ಅದು ರ‍್ಯಾಂಪ್ ಅಲ್ಲ, ಜಾರುಬಂಡೆ. ಗಾಲಿಕುರ್ಚಿಯವರು ಒಬ್ಬರೇ ಹತ್ತಲಾಗದು. ಇಳಿಯುವಾಗಂತೂ ದೇವರೇ ಗತಿ. ಸ್ಕೂಟರ್ ಹತ್ತಿಸಲು ಮಾತ್ರ ಬಹಳ ಅನುಕೂಲ. ಫೋಟೊದಲ್ಲಿ ರ‍್ಯಾಂಪ್ ಇದೆ, ವರದಿಯಲ್ಲೂ ಇದೆ, ನ್ಯಾಕ್‌ನ ಏಳನೇ ಮಾನದಂಡದಲ್ಲಿ ‘ಹೌದು’ ಎಂದು ಗುರುತು ಹಾಕಿಯೂ ಆಯಿತು.

ಸಮಿತಿಯಲ್ಲಿ ಗಾಲಿಕುರ್ಚಿ ಬಳಸುವ ಒಬ್ಬರಿದ್ದಿದ್ದರೆ ಒಂದು ಟೇಪು ಸಾಕಿತ್ತು. ಇಂಜಿನಿಯರಿಂಗ್ ವಿಭಾಗದ ಒಬ್ಬರು ಸಭೆಯಲ್ಲೇ ಕೂತಿದ್ದರೆ ಅಂದಾಜು ಪಟ್ಟಿಯೂ ಅಂದೇ ಶುರುವಾಗುತ್ತಿತ್ತು. ಇಲ್ಲವಾದರೆ ಕಡತದ ಪ್ರಯಾಣ ಹೀಗೆ: ಸಮಿತಿಯಿಂದ ಕುಲಸಚಿವರಿಗೆ, ಅಲ್ಲಿಂದ ಇಂಜಿನಿಯರಿಗೆ, ಅಂದಾಜು ಪಟ್ಟಿಯೊಂದಿಗೆ ಹಣಕಾಸು ಅಧಿಕಾರಿಗೆ, ‘ಲೆಕ್ಕ ಶೀರ್ಷಿಕೆ ತಿಳಿಸುವುದು’ ಎಂಬ ಟಿಪ್ಪಣಿಯೊಂದಿಗೆ ವಾಪಸು ಸಮಿತಿಗೆ. ಸಮಿತಿ ಮತ್ತೆ ಸೇರುವಷ್ಟರಲ್ಲಿ ಮಾರ್ಚ್ ಮುಗಿದಿರುತ್ತದೆ. ಹಣಕಾಸು ಅಧಿಕಾರಿ ಕೆಟ್ಟವರಲ್ಲ. ಬಜೆಟ್ಟಿನಲ್ಲಿ ಆ ಹೆಸರಿನ ಒಂದು ಸಾಲು ಇಲ್ಲ, ಅಷ್ಟೆ. ಒಂದು ಸಾಲು ಬರೆಸುವುದು ಸಮಿತಿಯ ಅತಿ ದೊಡ್ಡ ಗೆಲುವು ಎಂದು ನಾನು ಈಗ ನಂಬಿದ್ದೇನೆ. ವಿಚಾರ ಸಂಕಿರಣ ಮಾಡುವುದಕ್ಕಿಂತ ಎಷ್ಟೋ ಮೇಲು.

ಕಣ್ಣಿಗೆ ಕಾಣುವ ಮೆಟ್ಟಿಲಾದರೂ ಪರವಾಗಿಲ್ಲ, ಯಾರಾದರೂ ತೋರಿಸಬಹುದು. ಕಾಣದ ಮೆಟ್ಟಿಲುಗಳೇ ಜಾಸ್ತಿ. ನಮ್ಮ ಕನ್ನಡದ್ದೇ ಒಂದು ಉದಾಹರಣೆ ಹೇಳುತ್ತೇನೆ. ಅಂಧ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ಎನ್‌ವಿಡಿಎ ಥರದ ಪರದೆ ಓದುವ ತಂತ್ರಾಂಶ ಬಳಸುತ್ತಾರೆ. ಅದು ಉಚಿತ, ಕನ್ನಡವನ್ನೂ ಓದುತ್ತದೆ. ಆದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಇದ್ದರೆ ಮಾತ್ರ. ಕಚೇರಿಯವರು ಸುತ್ತೋಲೆಯನ್ನು ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದರೆ ನಮ್ಮ ಕಣ್ಣಿಗೆ ಅದು ಕನ್ನಡ. ಕಂಪ್ಯೂಟರಿಗೆ ಅಲ್ಲ. ನಾವು ‘ಕನ್ನಡ’ ಎಂದು ಓದುವ ಪದ ಅದರ ಹೊಟ್ಟೆಯಲ್ಲಿ ‘ಪಿ’ ಅಕ್ಷರ, ತಲೆಯ ಮೇಲೆ ಗೀಟಿರುವ ‘ಎ’, ಇಂಗ್ಲೆಂಡಿನ ಪೌಂಡ್ ಗುರುತು, ಮತ್ತೆ ‘ಎ’, ಒಂದು ಜರ್ಮನ್ ಅಕ್ಷರ, ‘ಕ್ಯೂ’, ಮತ್ತೆ ‘ಎ’ ಆಗಿ ಕೂತಿರುತ್ತದೆ. ಹುಡುಗನ ಕಿವಿಗೆ ಬೀಳುವುದು ಬರೀ ಗೊಣಗಾಟ. ಪರೀಕ್ಷಾ ಶುಲ್ಕದ ಕೊನೆಯ ದಿನ ಆ ಗೊಣಗಾಟದೊಳಗೆ ಇರುತ್ತದೆ. ಅದೇ ಸುತ್ತೋಲೆಯನ್ನು ಮುದ್ರಿಸಿ, ಸಹಿ ಹಾಕಿ, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ವಾಟ್ಸ್ಆ್ಯಪ್ ಗ್ರೂಪಿಗೆ ಬಿಟ್ಟರೆ ಆ ಗೊಣಗಾಟವೂ ಇಲ್ಲ. ಪೂರ್ತಿ ಮೌನ.

ಇದನ್ನು ಸರಿಪಡಿಸಲು ಸಿಮೆಂಟು ಬೇಡ, ಟೆಂಡರ್ ಬೇಡ. ‘ಇನ್ನು ಮುಂದೆ ಎಲ್ಲಾ ಸುತ್ತೋಲೆ ಯೂನಿಕೋಡ್‌ನಲ್ಲಿ, ಸ್ಕ್ಯಾನ್ ಪ್ರತಿಯ ಜೊತೆ ಪಠ್ಯದ ಪ್ರತಿಯೂ ಇರಬೇಕು’ ಎಂದು ಕುಲಸಚಿವರ ಒಂದು ಆದೇಶ ಸಾಕು. ಆದರೆ ಆ ತೊಂದರೆ ಇದೆಯೆಂದು ಹೇಳಲು ಅಂಧ ವಿದ್ಯಾರ್ಥಿಯೊಬ್ಬ ಸಮಿತಿಯಲ್ಲಿ ಇರಬೇಕು.

ಕೂರುವವರು ಯಾರು

ಇರುತ್ತಾರಾ? ಸಾಮಾನ್ಯವಾಗಿ ಕುಲಪತಿ ನಾಮನಿರ್ದೇಶನ ಮಾಡುತ್ತಾರೆ. ಡೀನ್, ವಿಭಾಗದ ಮುಖ್ಯಸ್ಥರು, ಒಬ್ಬರು ಮಹಿಳಾ ಪ್ರತಿನಿಧಿ, ಎಸ್‌ಸಿ, ಎಸ್‌ಟಿಯಿಂದ ಒಬ್ಬರು. ವಿಶ್ವವಿದ್ಯಾಲಯದಲ್ಲಿ ಒಬ್ಬರೇ ಅಂಧ ಪ್ರಾಧ್ಯಾಪಕರಿದ್ದರೆ ಅವರು ಎಲ್ಲಾ ಸಮಿತಿಯಲ್ಲೂ ಇರುತ್ತಾರೆ. ಕಿವಿ ಕೇಳದವರ ಪರವಾಗಿಯೂ ಅವರೇ ಮಾತಾಡಬೇಕು, ಡಿಸ್ಲೆಕ್ಸಿಯಾ ಇರುವವರ ಪರವಾಗಿಯೂ ಅವರೇ. ಅವರ ಸಂಶೋಧನೆ, ಪಾಠ ಎಲ್ಲ ಹಿಂದೆ ಬೀಳುತ್ತದೆ. ಬಡ್ತಿಯ ಅಂಕಪಟ್ಟಿಯಲ್ಲಿ ಈ ಕೆಲಸಕ್ಕೆ ಸಿಗುವ ಬೆಲೆ ಅಷ್ಟಕ್ಕಷ್ಟೆ. ವಿದ್ಯಾರ್ಥಿ ಪ್ರತಿನಿಧಿಯದ್ದು ಇನ್ನೊಂದು ಕಷ್ಟ. ಎದುರಿಗೆ ಕೂತವರೇ ನಾಳೆ ಅವನ ಇಂಟರ್ನಲ್ ಮಾರ್ಕ್ಸ್ ಹಾಕುವವರು. ಬಾಯಿ ಎಷ್ಟು ಬಿಟ್ಟೀತು?

ಅಮೆರಿಕದ ವಾಷಿಂಗ್ಟನ್‌ನಲ್ಲಿ ಗ್ಯಾಲಡೆಟ್ ಎಂಬ ವಿಶ್ವವಿದ್ಯಾಲಯ ಇದೆ. ಕಿವಿ ಕೇಳದವರಿಗೆಂದೇ 1864ರಲ್ಲಿ ಶುರುವಾದದ್ದು. ಆದರೆ 124 ವರ್ಷ ಅದರ ಅಧ್ಯಕ್ಷರಾದವರೆಲ್ಲ ಕಿವಿ ಕೇಳುವವರೇ! 1988ರ ಮಾರ್ಚಿನಲ್ಲಿ ಆಡಳಿತ ಮಂಡಳಿ ಮತ್ತೊಮ್ಮೆ ಕಿವಿ ಕೇಳುವವರನ್ನೇ ಆರಿಸಿತು. ವಿದ್ಯಾರ್ಥಿಗಳು ಗೇಟು ಮುಚ್ಚಿದರು. ಒಂದು ವಾರದಲ್ಲಿ ಮಂಡಳಿ ಮಣಿಯಿತು, ಐ. ಕಿಂಗ್ ಜೋರ್ಡಾನ್ ಮೊದಲ ಕಿವುಡ ಅಧ್ಯಕ್ಷರಾದರು. ಆ ವಿದ್ಯಾರ್ಥಿಗಳ ಬೇಡಿಕೆಗಳಲ್ಲಿ ನನ್ನ ಗಮನ ಸೆಳೆಯುವುದು ಬೇರೊಂದು. ‘ನಮ್ಮನ್ನು ಸಲಹಾ ಸಮಿತಿಗೆ ಸೇರಿಸಿಕೊಳ್ಳಿ’ ಎಂದು ಅವರು ಕೇಳಲಿಲ್ಲ. ಆಡಳಿತ ಮಂಡಳಿಯಲ್ಲೇ ಶೇ. 51ರಷ್ಟು ಕಿವುಡರು ಇರಬೇಕು ಎಂದು ಕೇಳಿದರು. ಸಲಹೆ ಕೊಡುವ ಕುರ್ಚಿ ಬೇರೆ, ಓಟು ಹಾಕುವ ಕುರ್ಚಿ ಬೇರೆ ಎನ್ನುವುದು ಆ ಹುಡುಗರಿಗೆ ಚೆನ್ನಾಗಿ ಗೊತ್ತಿತ್ತು.

ಅಮೆರಿಕದ ಇನ್ನೆರಡು ಸಂಗತಿ ಹೇಳಿಬಿಡುತ್ತೇನೆ, ಅಲ್ಲಿ ಓದುವ ನಮ್ಮ ಮಕ್ಕಳೂ ಕಡಿಮೆ ಇಲ್ಲ. ಟೆಕ್ಸಾಸ್ ರಾಜ್ಯ 2024ರ ಜನವರಿ 1ರಿಂದ ಸರ್ಕಾರಿ ವಿಶ್ವವಿದ್ಯಾಲಯಗಳ ವೈವಿಧ್ಯ, ಸಮತೆಯ ಕಚೇರಿಗಳನ್ನು ಕಾನೂನು ಮಾಡಿ ಮುಚ್ಚಿಸಿತು. ಆದರೆ ವಿಕಲಚೇತನ ವಿದ್ಯಾರ್ಥಿಗಳಿಗೆ ಕೊಡಬೇಕಾದ ಸೌಲಭ್ಯ ನಿಲ್ಲಲಿಲ್ಲ, ಏಕೆಂದರೆ ಅದರ ಹಿಂದೆ 1973 ಮತ್ತು 1990ರ ರಾಷ್ಟ್ರೀಯ ಕಾಯ್ದೆಗಳಿವೆ. ಸುತ್ತೋಲೆಯಿಂದ ಹುಟ್ಟಿದ್ದು ಗಾಳಿಗೆ ಹಾರಿತು, ಕಾಯ್ದೆಯಿಂದ ಹುಟ್ಟಿದ್ದು ಉಳಿಯಿತು. ಇನ್ನೊಂದು, ನಮ್ಮ ಜಾತಿ ಕೂಡ ಸಮುದ್ರ ದಾಟಿದ ಕತೆ. 2019ರಲ್ಲಿ ಬ್ರಾಂಡೈಸ್ ವಿಶ್ವವಿದ್ಯಾಲಯ, 2022ರಲ್ಲಿ 23 ಕ್ಯಾಂಪಸ್‌ಗಳ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ ತಮ್ಮ ತಾರತಮ್ಯ ವಿರೋಧಿ ನೀತಿಯಲ್ಲಿ ‘ಜಾತಿ’ ಎಂಬ ಪದ ಸೇರಿಸಿದವು. ಅಲ್ಲಿನ ಸಮಿತಿಯವರಿಗೆ ಅದನ್ನು ವಿವರಿಸಬೇಕಾದವರು ನಮ್ಮವರೇ. ಪಾಪ, ‘ಒಬ್ಬರ ಸರ್‌ನೇಮ್ ಕೇಳಿದರೆ ಬೇಜಾರೇಕೆ’ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳುವುದು ಸುಲಭವಲ್ಲ.

ಸಲಹೆ ಎಂದರೆ ಹಲ್ಲಿಲ್ಲದ್ದು ಎಂದೇನಿಲ್ಲ

ಇಷ್ಟು ಓದಿ ಸಲಹಾ ಸಮಿತಿಗಳೆಲ್ಲ ಸುಮ್ನೆ ಎಂದು ಅನಿಸಿರಬಹುದು. ಮೈಸೂರಿನ ಕಡೆ ನೋಡಿ. 1918ರಲ್ಲಿ ಹಿಂದುಳಿದ ಸಮುದಾಯಗಳ ಸಂಘಟನೆಯಾದ ಪ್ರಜಾಮಿತ್ರ ಮಂಡಳಿಯವರು ನಾಲ್ವಡಿ ಕೃಷ್ಣರಾಜ ಒಡೆಯರ ಬಳಿ ಅರಿಕೆ ಒಯ್ದರು: ಸರ್ಕಾರಿ ಕೆಲಸದಲ್ಲಿ, ಓದಿನಲ್ಲಿ ಒಂದೇ ಸಮುದಾಯ ತುಂಬಿದೆ. ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. 1919ರಲ್ಲಿ ವರದಿ ಬಂತು. ಅದೂ ಸಲಹೆಯೇ. ಆದರೆ ಹೇಗೆ ಬರೆದಿದ್ದರು? ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಹಿಂದುಳಿದ ಸಮುದಾಯಗಳಿಗೆ ಹೋಗಬೇಕು. ಅಂಕಿ ಇದೆ, ಗಡುವು ಇದೆ. ಈ ನೀತಿಯನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರು ವರದಿ ಬರುವ ಮೊದಲೇ ಹುದ್ದೆ ಬಿಟ್ಟಿದ್ದರು. 1921ರಲ್ಲಿ ಆದೇಶವೂ ಹೊರಬಿತ್ತು. ಮಿಲ್ಲರ್ ವರದಿಯಲ್ಲಿ ಬರೀ ‘ಸೂಕ್ತ ಪ್ರಾತಿನಿಧ್ಯ ಕಲ್ಪಿಸುವುದು’ ಎಂದಷ್ಟೇ ಇದ್ದಿದ್ದರೆ ಅದೂ ಕಡತದಲ್ಲೇ ಉಳಿಯುತ್ತಿತ್ತೇನೋ.

ಇದಕ್ಕೆ ಹೋಲಿಸಿದರೆ 2007ರ ಥೋರಟ್ ಸಮಿತಿಯದ್ದು ಬೇರೆ ಹಾದಿ. ದೆಹಲಿಯ ಏಮ್ಸ್‌ನಲ್ಲಿ ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ಆ ಸಮಿತಿ ಕೇಳಿ ಬರೆದುಕೊಂಡಿತು. ವರದಿ ಬಂತು, ಸುದ್ದಿಯಾಯಿತು. ಆಮೇಲೆ 2016ರಲ್ಲಿ ಹೈದರಾಬಾದಿನಲ್ಲಿ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ, 2019ರಲ್ಲಿ ಮುಂಬೈಯಲ್ಲಿ ಡಾ. ಪಾಯಲ್ ತಡ್ವಿ ಆತ್ಮಹತ್ಯೆ ಮಾಡಿಕೊಂಡರು, ಜಾತಿ ತಾರತಮ್ಯವೇ ಕಾರಣ ಎಂಬ ಆರೋಪ ಬಂತು. ಇಬ್ಬರ ತಾಯಂದಿರು 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2012ರ ನಿಯಮಗಳು ಕಾಗದದಲ್ಲಿವೆ, ನಡೆಯುತ್ತಿಲ್ಲ ಎನ್ನುವುದು ಅವರ ಅಳಲು.

ಆ ಮೊಕದ್ದಮೆಯ ಬೆನ್ನಿಗೇ 2026ರ ಜನವರಿಯಲ್ಲಿ ಯುಜಿಸಿ ಹೊಸ ಸಮತಾ ನಿಯಮಗಳನ್ನು ತಂದಿತು. ಸಂಸ್ಥೆಯ ಮುಖ್ಯಸ್ಥರದೇ ಅಧ್ಯಕ್ಷತೆಯಲ್ಲಿ ಸಮತಾ ಸಮಿತಿ, ಅದರಲ್ಲಿ ಎಸ್‌ಸಿ, ಎಸ್‌ಟಿ, ಒಬಿಸಿ, ಮಹಿಳೆ, ವಿಕಲಚೇತನರ ಪ್ರಾತಿನಿಧ್ಯ, ದೂರು ಬಂದ 24 ಗಂಟೆಯೊಳಗೆ ಸಭೆ, 15 ಕೆಲಸದ ದಿನದೊಳಗೆ ವರದಿ. ಭಾರೀ ಗಲಾಟೆಯಾಯಿತು. ಜಾತಿ ತಾರತಮ್ಯದ ವ್ಯಾಖ್ಯೆಯಲ್ಲಿ ಎಸ್‌ಸಿ, ಎಸ್‌ಟಿ, ಒಬಿಸಿ ಮಾತ್ರ ಯಾಕೆ, ಸುಳ್ಳು ದೂರು ಕೊಟ್ಟರೆ ಏನು ಎಂದು ಒಂದು ಕಡೆ. ಇಷ್ಟು ವರ್ಷಕ್ಕೆ ಒಂದು ನಿಯಮ ಬಂದರೆ ಇಷ್ಟು ಸಿಟ್ಟೇಕೆ ಎಂದು ಇನ್ನೊಂದು ಕಡೆ. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟು, ಸದ್ಯಕ್ಕೆ 2012ರ ನಿಯಮಗಳೇ ಇರಲಿ ಎಂದಿತು. ಆ ಜಗಳದಲ್ಲಿ ಎರಡೂ ಕಡೆಯವರು ಬಿಟ್ಟ ಒಂದು ವಿಷಯ ನನ್ನನ್ನು ಕಾಡುತ್ತದೆ. ಸಂಸ್ಥೆಯ ಮುಖ್ಯಸ್ಥರೇ ಸಮಿತಿಯ ಅಧ್ಯಕ್ಷರಾದರೆ ಒಳ್ಳೆಯದೋ ಕೆಟ್ಟದ್ದೋ? ಕಡತ ಬೇಗ ಓಡುತ್ತದೆ, ನಿಜ. ಆದರೆ ದೂರು ಸಂಸ್ಥೆಯ ವಿರುದ್ಧವೇ ಇದ್ದರೆ?

ಉತ್ತರ ಕೊಡಲೇಬೇಕಾದ ಸಲಹೆ

ನನ್ನ ಮಟ್ಟಿಗೆ ಈ ಇಡೀ ವಿಷಯದ ಕೀಲಿಕೈ 2016ರ ಕಾಯ್ದೆಯೊಳಗೇ ಒಂದು ಮೂಲೆಯಲ್ಲಿ ಇದೆ. ವಿಕಲಚೇತನರ ರಾಜ್ಯ ಆಯುಕ್ತರು ಒಂದು ಶಿಫಾರಸು ಮಾಡಿದರೆ ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳೊಳಗೆ ಏನು ಮಾಡಿದೆ ಎಂದು ತಿಳಿಸಬೇಕು. ಒಪ್ಪದಿದ್ದರೆ? ಒಪ್ಪದಿರಬಹುದು. ಆದರೆ ಯಾಕೆ ಒಪ್ಪಲಿಲ್ಲ ಎಂದು ಅದೇ ಮೂರು ತಿಂಗಳೊಳಗೆ ಕಾರಣ ಕೊಡಬೇಕು, ನೊಂದವರಿಗೂ ತಿಳಿಸಬೇಕು. ಅಂದರೆ ಸಲಹೆಯನ್ನು ತಳ್ಳಿಹಾಕುವ ಸ್ವಾತಂತ್ರ್ಯ ಇದೆ, ಸುಮ್ಮನಿರುವ ಸ್ವಾತಂತ್ರ್ಯ ಇಲ್ಲ.

ವಿಶ್ವವಿದ್ಯಾಲಯದ ಒಳಗಿನ ಸಮಿತಿಗೂ ಇದೇ ಮಾತನ್ನು ಬರೆಸಿಕೊಳ್ಳಬಹುದು. ವಿಶ್ವವಿದ್ಯಾಲಯದ ಆಡಳಿತ ನೋಡುವ ಸಿಂಡಿಕೇಟಿನಲ್ಲಿ ಒಂದು ನಿರ್ಣಯ ಸಾಕು: ಸಮಿತಿಯ ಪ್ರತಿ ಶಿಫಾರಸಿಗೂ ಕುಲಸಚಿವರು ಇಂತಿಷ್ಟು ದಿನದಲ್ಲಿ ಲಿಖಿತ ಉತ್ತರ ಕೊಡತಕ್ಕದ್ದು. ‘ಇಲ್ಲ’ ಎಂಬ ಉತ್ತರವಾದರೂ ಸರಿ. ‘ಇಲ್ಲ’ ಎಂದು ಸಹಿ ಹಾಕಬೇಕಾದಾಗ ಮನುಷ್ಯ ಎರಡು ಸಲ ಯೋಚಿಸುತ್ತಾನೆ. ಆ ಕಾಗದವನ್ನು ಹಿಡಿದು ಆಯುಕ್ತರ ಹತ್ತಿರ, ಕೋರ್ಟಿಗೆ ಹೋಗಬಹುದು. ‘ಪರಿಶೀಲಿಸಲಾಗುತ್ತಿದೆ’ ಎಂಬುದನ್ನು ಹಿಡಿದು ಎಲ್ಲಿಗೂ ಹೋಗಲಾಗದು.

ಹೊಂದಾಣಿಕೆ ಕೇಳುವವರೂ ಬರೆಯುವಾಗ ಸ್ವಲ್ಪ ಜಾಣತನ ಮಾಡಬೇಕು. ‘ನನಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ದಯವಿಟ್ಟು ಸಹಾಯ ಮಾಡಿ’ ಎಂದರೆ ಅನುಕಂಪ ಸಿಗುತ್ತದೆ. ‘ಅಧ್ಯಾಪಕರು ಬೋರ್ಡಿನ ಕಡೆ ತಿರುಗಿ ಮಾತಾಡಿದಾಗ ತುಟಿ ಕಾಣುವುದಿಲ್ಲ, ಆದ್ದರಿಂದ ಪಾಠದ ಟಿಪ್ಪಣಿ ಹಿಂದಿನ ದಿನ ಬೇಕು, ಮುಂದಿನ ಸಾಲಿನ ಎಡಗಡೆ ಕುರ್ಚಿ ಬೇಕು, ಮುಂದಿನ ಸೋಮವಾರದಿಂದ’ ಎಂದರೆ ಕೆಲಸ ಆಗುತ್ತದೆ. ಕಾಯಿಲೆಯ ಹೆಸರಿಗಿಂತ ಬೇಕಾದ ವಸ್ತುವಿನ ಹೆಸರು ಮುಖ್ಯ. ಬಾಯಲ್ಲಿ ಕೇಳಿದ್ದನ್ನೂ ಅದೇ ಸಂಜೆ ಇಮೇಲಿನಲ್ಲಿ ಹಾಕಿಬಿಡಿ.

ಸಮಿತಿ ಇದೆಯೋ ಇಲ್ಲವೋ ಗೊತ್ತಾಗದಿದ್ದರೆ ಮಾಹಿತಿ ಹಕ್ಕು ಇದೆ. ಹತ್ತು ರೂಪಾಯಿ ಶುಲ್ಕ, 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಎಂಬ ಮಿತಿ ಇದೆ, ನೆನಪಿರಲಿ. ಕೇಳಬೇಕಾದದ್ದು ಇಷ್ಟು: ಸಮಾನ ಅವಕಾಶ ಕೋಶದ ಕಳೆದ ಎರಡು ವರ್ಷದ ಎಲ್ಲಾ ಸಭೆಗಳ ನಡಾವಳಿ, ಹಾಜರಿ ಪಟ್ಟಿ, ಪ್ರತಿ ತೀರ್ಮಾನದ ಮೇಲೆ ಆದ ಕ್ರಮದ ವರದಿ. ಪ್ರತಿಗಳು ಕೈಗೆ ಬಂದ ಮೇಲೆ ಒಂದು ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ‘ಲಾಯಿತು’ ಬಂದಲ್ಲೆಲ್ಲ ಸುತ್ತು ಹಾಕಿ. ಹುದ್ದೆಯ ಹೆಸರು, ತಾರೀಖು, ಮೊತ್ತ ಇರುವ ಸಾಲುಗಳಿಗೆ ಅಡಿಗೆರೆ ಎಳೆಯಿರಿ.

ನಮ್ಮ ಸಮಿತಿಯ ಎರಡನೇ ವರ್ಷದ ಒಂದು ನಡಾವಳಿ ನನ್ನ ಹತ್ತಿರ ಈಗಲೂ ಇದೆ. ಆ ಸಲ ಬರೆದವರು ಹೊಸದಾಗಿ ಬಂದಿದ್ದ ಒಬ್ಬ ಕ್ಲರ್ಕ್. ನಡಾವಳಿಯ ಭಾಷೆ ಅವರಿಗೆ ಇನ್ನೂ ರೂಢಿಯಾಗಿರಲಿಲ್ಲ. “ನೆಲಮಹಡಿ ಶೌಚಾಲಯದಲ್ಲಿರುವ ಉತ್ತರ ಪತ್ರಿಕೆಗಳನ್ನು ಸೂಪರಿಂಟೆಂಡೆಂಟ್ ಅವರು ಶನಿವಾರದೊಳಗೆ ತೆಗೆಸುವರು. ಬೀಗ ತೆಗೆದು ಕೀಲಿಕೈಯನ್ನು ಪ್ರಾಂಶುಪಾಲರಿಗೆ ಒಪ್ಪಿಸುವರು.” ಶನಿವಾರ ಮಧ್ಯಾಹ್ನ ಸೂಪರಿಂಟೆಂಡೆಂಟ್ ಗೊಣಗುತ್ತಲೇ ಎರಡು ಮುರುಕು ಕುರ್ಚಿಗಳನ್ನು ಹೊರಗೆ ಹಾಕಿಸುತ್ತಿದ್ದರು.